ಎಂಟು ವದಂತಿಗಳು ಸೇರಿದರೆ ಒಂದು ಸಾಕ್ಷ್ಯವಾದೀತೇ?

ತಪಸ್ಸುಕಾಲದ ಐದನೆಯ ವಾರದಲ್ಲಿ ದಾನಿಯೇಲನ ಗ್ರಂಥದ 13ನೇ ಅಧ್ಯಾಯದಿಂದ ಸುಸನ್ನಳ ವೃತ್ತಾಂತವನ್ನು ಬಲಿಪೂಜೆಯಲ್ಲಿ ಓದಲಾಗುತ್ತದೆ. ಇಬ್ಬರು ಹಿರಿಯರು ಹೇಳಿದ ಮಾತನ್ನು ನಂಬಿ ಇಡೀ ಸಭೆ ಒಬ್ಬ ನಿರಪರಾಧಿ ಸ್ತ್ರೀಗೆ ಮರಣದಂಡನೆ ವಿಧಿಸುತ್ತದೆ. ಆಗ ಯುವಕ ದಾನಿಯೇಲನು ಮುಂದೆ ಬಂದು, ಸಾಕ್ಷಿಗಳಿಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ನೀವು ಅದನ್ನು ಕಂಡಿರಿ ಎಂದು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರದ ಹೆಸರು ಹೇಳುತ್ತಾರೆ. ಸುಸನ್ನಳ ಪ್ರಾಣ ಉಳಿಯುತ್ತದೆ. ಈ ವೃತ್ತಾಂತದಲ್ಲಿ ಆಕಾಶದಿಂದ ಬೆಂಕಿ ಇಳಿಯುವುದಿಲ್ಲ, ಸಮುದ್ರ ಇಬ್ಭಾಗವಾಗುವುದಿಲ್ಲ. ದೇವರು ತನ್ನ ದಾಸಿಯನ್ನು ಉಳಿಸಿದ್ದು ಒಂದು ಸರಿಯಾದ ಪ್ರಶ್ನೆಯ ಮೂಲಕ.

ಇದೇ ವೃತ್ತಾಂತವನ್ನು ತಲೆತಲಾಂತರದಿಂದ ಕೇಳುತ್ತ ಬಂದ ಒಂದು ಕ್ರೈಸ್ತ ನಗರದಲ್ಲಿ, ಅದೂ ತಪಸ್ಸುಕಾಲದ ದಿನಗಳಲ್ಲೇ, 1762ರ ಮಾರ್ಚ್ 10ರಂದು 63 ವರ್ಷದ ಒಬ್ಬ ವ್ಯಾಪಾರಿಯನ್ನು ಸಾರ್ವಜನಿಕ ಚೌಕದಲ್ಲಿ ಗಾಲಿಗೆ ಕಟ್ಟಿ ಎಲುಬು ಮುರಿದು ಕೊಲ್ಲಲಾಯಿತು. ಆತನ ಹೆಸರು ಝಾನ್ ಕಲಾಸ್. ಊರು ದಕ್ಷಿಣ ಫ್ರಾನ್ಸಿನ ತುಲೂಸ್. ಹೊರಿಸಿದ ಅಪರಾಧ, ಹೆತ್ತ ಮಗನನ್ನೇ ಕೊಂದನೆಂಬುದು. ಆ ತೀರ್ಪಿಗೆ ಸಾಕಷ್ಟು ಸಾಕ್ಷ್ಯವಿತ್ತೇ? ಎರಡೂವರೆ ಶತಮಾನಗಳು ಕಳೆದರೂ ಈ ಪ್ರಶ್ನೆ ಹಳೆಯದಾಗಿಲ್ಲ. ಕಥೋಲಿಕರಾದ ನಾವು ಇದನ್ನು ಬೇರೆಯವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕು. ಏಕೆಂದರೆ ಕಲಾಸರು ಪ್ರೊಟೆಸ್ಟೆಂಟರು. ಅವರನ್ನು ಹಿಡಿದವರು, ಸಾಕ್ಷಿ ನುಡಿದವರು, ತೀರ್ಪು ಕೊಟ್ಟವರು ಬಹುಪಾಲು ನಮ್ಮವರು.

ಆ ನಗರ, ಆ ಕಾಲ

1685ರಲ್ಲಿ ಹದಿನಾಲ್ಕನೇ ಲೂಯಿ ದೊರೆಯು ಫ್ರಾನ್ಸಿನ ಪ್ರೊಟೆಸ್ಟೆಂಟರಿಗಿದ್ದ ಹಕ್ಕುಗಳನ್ನು ರದ್ದುಪಡಿಸಿದನು. ಅಲ್ಲಿಂದ ಮುಂದೆ ಅವರ ಆರಾಧನೆ ಕಾನೂನಿಗೆ ವಿರುದ್ಧವಾಯಿತು. ಅವರ ಮಕ್ಕಳು ಕಥೋಲಿಕ ದೇವಾಲಯದಲ್ಲೇ ಸ್ನಾನದೀಕ್ಷೆ ಪಡೆಯಬೇಕಿತ್ತು. ವಕೀಲಿಯಂಥ ವೃತ್ತಿಗೆ ಸೇರಲು ಕಥೋಲಿಕನೆಂಬ ಪ್ರಮಾಣಪತ್ರ ಬೇಕಿತ್ತು. ದಿನನಿತ್ಯದ ಬದುಕಿನಲ್ಲಿ ಎರಡೂ ಕಡೆಯವರು ನೆರೆಹೊರೆಯಾಗಿ, ಕೊಡುಕೊಳ್ಳುವವರಾಗಿ ಶಾಂತಿಯಿಂದಲೇ ಇದ್ದರು. ಆದರೆ ಬೂದಿಯ ಕೆಳಗೆ ಕೆಂಡವಿತ್ತು. 1562ರಲ್ಲಿ ತುಲೂಸ್ ನಗರದಲ್ಲಿ ಎರಡು ಪಂಗಡಗಳ ನಡುವೆ ಭೀಕರ ರಕ್ತಪಾತ ನಡೆದು ಪ್ರೊಟೆಸ್ಟೆಂಟರು ಸೋತಿದ್ದರು. ಆ ದಿನವನ್ನು ನಗರವು ಪ್ರತಿವರ್ಷ ಮೆರವಣಿಗೆಯೊಂದಿಗೆ ವಿಮೋಚನೆಯ ಹಬ್ಬವಾಗಿ ಆಚರಿಸುತ್ತಿತ್ತು. 1762ರಲ್ಲಿ ಅದರ 200ನೇ ವರ್ಷಾಚರಣೆ ಬರುವುದಿತ್ತು. ಪ್ರೊಟೆಸ್ಟೆಂಟ್ ದೇಶವಾದ ಇಂಗ್ಲೆಂಡಿನೊಡನೆ ಫ್ರಾನ್ಸ್ ಯುದ್ಧದಲ್ಲಿತ್ತು. 1761ರ ಸೆಪ್ಟೆಂಬರಿನಲ್ಲಿ ಹತ್ತಿರದ ಊರೊಂದರಲ್ಲಿ ರೊಶೆತ್ ಎಂಬ ಪ್ರೊಟೆಸ್ಟೆಂಟ್ ಬೋಧಕನ ಬಂಧನವಾಗಿ ಗಲಭೆಯ ಭಯ ಹಬ್ಬಿತ್ತು.

ಇಂಥ ನಗರದ ಒಂದು ಬೀದಿಯಲ್ಲಿ ಝಾನ್ ಕಲಾಸರ ಬಟ್ಟೆಯಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಪತ್ನಿ ಆನ್ ರೋಜ್, ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೂರನೆಯ ಮಗ ಲೂಯಿ ಕೆಲವು ವರ್ಷಗಳ ಹಿಂದೆಯೇ ಕಥೋಲಿಕನಾಗಿ ಬೇರೆ ವಾಸವಾಗಿದ್ದನು. ತಂದೆ ಅವನ ಖರ್ಚಿಗೆ ಹಣ ಕೊಡುತ್ತಿದ್ದರು. ಅವನ ಮತಾಂತರಕ್ಕೆ ನೆರವಾದವಳು ಅದೇ ಮನೆಯ ಮನೆಗೆಲಸದ ಹೆಂಗಸು ಝಾನ್ ವಿಗಿಯೇರ್. ಆಕೆ ನಿಷ್ಠಾವಂತ ಕಥೋಲಿಕಳು. ಅಷ್ಟಾದ ಮೇಲೂ ಕಲಾಸರು ಆಕೆಯನ್ನು ಕೆಲಸದಿಂದ ಬಿಡಿಸಿರಲಿಲ್ಲ. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿಡಬೇಕು.

ಹಿರಿಯ ಮಗ ಮಾರ್ಕ್ ಆಂತ್ವಾನ್, 28ರ ಹರೆಯದವನು. ಕಾನೂನು ಓದಿದ್ದನು, ಆದರೆ ಕಥೋಲಿಕನೆಂಬ ಪ್ರಮಾಣಪತ್ರ ಸಿಗದೆ ವಕೀಲನಾಗಲಾರದೆ ಹೋದನು. ತಂದೆಯ ಅಂಗಡಿಯ ಕೆಲಸದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಜೂಜಿನ ಅಭ್ಯಾಸವಿತ್ತು. ಮೌನಿ, ವಿಷಣ್ಣ ಸ್ವಭಾವದವನು ಎಂದು ಬಲ್ಲವರು ಹೇಳಿದರು.

ಅಕ್ಟೋಬರ್ 13ರ ರಾತ್ರಿ

1761ರ ಅಕ್ಟೋಬರ್ 13ರ ಸಂಜೆ ಗೊಬೇರ್ ಲವೈಸ್ ಎಂಬ ಸುಮಾರು 20 ವರ್ಷದ ಯುವಕ, ಕುಟುಂಬದ ಪರಿಚಿತನು, ಕಲಾಸರ ಮನೆಗೆ ಬಂದನು. ಅವನನ್ನು ಊಟಕ್ಕೆ ನಿಲ್ಲಿಸಿಕೊಂಡರು. ತಂದೆ, ತಾಯಿ, ಮಾರ್ಕ್ ಆಂತ್ವಾನ್, ತಮ್ಮ ಪಿಯೆರ್ ಮತ್ತು ಅತಿಥಿ ಊಟಕ್ಕೆ ಕುಳಿತರು, ವಿಗಿಯೇರ್ ಅಡುಗೆಮನೆಯಲ್ಲಿದ್ದಳು. ಊಟ ಮುಗಿಯುತ್ತಲೇ ಮಾರ್ಕ್ ಆಂತ್ವಾನ್ ಎದ್ದು ಹೊರಟನು. ಉಳಿದವರು ಮೇಲಿನ ಕೋಣೆಯಲ್ಲಿ ಮಾತಾಡುತ್ತ ಕುಳಿತರು. ಒಂಬತ್ತೂವರೆಯ ಸುಮಾರಿಗೆ ಲವೈಸ್ ಹೊರಟಾಗ, ದೀಪ ಹಿಡಿದು ಅವನನ್ನು ಬೀಳ್ಕೊಡಲು ಪಿಯೆರ್ ಜೊತೆಗೆ ಇಳಿದನು. ಕೆಳಗೆ ಅಂಗಡಿಯಲ್ಲಿ ಮಾರ್ಕ್ ಆಂತ್ವಾನ್ ಸತ್ತಿದ್ದನು. ಇಬ್ಬರೂ ಚೀರಿಕೊಂಡರು. ತಂದೆ ತಾಯಿ ಓಡಿಬಂದರು. ವೈದ್ಯನಿಗೆ ಹೇಳಿಕಳುಹಿಸಿದರು. ಬೀದಿಯ ಜನ ಬಾಗಿಲಲ್ಲಿ ನೆರೆದರು.

ನಗರದ ಆಡಳಿತ ಮತ್ತು ಅಪರಾಧ ವಿಚಾರಣೆ ಎರಡನ್ನೂ ನಡೆಸುತ್ತಿದ್ದ 'ಕಾಪಿತೂಲ್' ಎಂಬ ಅಧಿಕಾರಿಗಳಲ್ಲಿ ಒಬ್ಬನಾದ ದವೀದ್ ದ ಬೋದ್ರಿಗ್ ಸ್ಥಳಕ್ಕೆ ಬಂದನು. ಆಗ ಗುಂಪಿನಿಂದ ಯಾರೋ ಒಬ್ಬರು ಕೂಗಿದರು: ಈ ಹುಡುಗ ಕಥೋಲಿಕನಾಗಲಿದ್ದನು, ಅದಕ್ಕಾಗಿ ಮನೆಯವರೇ ಕೊಂದಿದ್ದಾರೆ! ಕೂಗಿದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಆದರೆ ಆ ಕೂಗು ಕ್ಷಣಮಾತ್ರದಲ್ಲಿ ಸುದ್ದಿಯಾಯಿತು, ಬೆಳಗಾಗುವುದರೊಳಗೆ ಸತ್ಯವಾಯಿತು. ಬೋದ್ರಿಗ್ ಅಂಗಡಿಯನ್ನು ಸರಿಯಾಗಿ ಪರಿಶೀಲಿಸಲಿಲ್ಲ. ಹೊರಗಿನವರು ಯಾರಾದರೂ ಒಳಗೆ ಅಡಗಿರಬಹುದೇ ಎಂದು ಹುಡುಕಿಸಲಿಲ್ಲ. ಕಾನೂನಿನಂತೆ ಸ್ಥಳದಲ್ಲೇ ಬರೆಯಬೇಕಿದ್ದ ಮಹಜರನ್ನು ನಗರಸಭಾ ಭವನಕ್ಕೆ ಹೋದ ಮೇಲೆ ಬರೆಸಿದನು. ಮನೆಯಲ್ಲಿದ್ದ ಎಲ್ಲರನ್ನೂ, ಅತಿಥಿಯನ್ನೂ ಕಥೋಲಿಕ ಸೇವಕಿಯನ್ನೂ ಸೇರಿಸಿ, ಸೆರೆಗೆ ಒಯ್ದನು. ಒಂದು ಪ್ರಕರಣದಲ್ಲಿ ಮೊದಲ ಗಂಟೆಯ ಪರಿಶೀಲನೆ ತಪ್ಪಿದರೆ ಅದನ್ನು ಮತ್ತೆ ಪಡೆಯಲು ಆಗುವುದಿಲ್ಲ. ಕಲಾಸರ ಮನೆಯಲ್ಲಿ ಆ ಗಂಟೆ ಹಾಗೆ ಕಳೆದುಹೋಯಿತು.

ಒಂದು ಸುಳ್ಳು ಮತ್ತು ಅದರ ಕಾರಣ

ಕುಟುಂಬದವರ ಮೇಲೆ ನಿಜವಾದ ಅನುಮಾನ ಹುಟ್ಟಿಸಿದ ಸಂಗತಿ ಒಂದಿತ್ತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಶವ ನೆಲದ ಮೇಲೆ ಬಿದ್ದಿತ್ತು, ಯಾರೋ ಕೊಂದು ಹೋಗಿದ್ದಾರೆ ಎಂದು ಅವರು ಮೊದಲ ರಾತ್ರಿ ಹೇಳಿದರು. ಎರಡು ದಿನಗಳ ನಂತರ ಆ ಮಾತನ್ನು ಬದಲಿಸಿದರು. ಅಂಗಡಿಯಿಂದ ಉಗ್ರಾಣಕ್ಕೆ ಹೋಗುವ ಜೋಡಿ ಬಾಗಿಲಿನ ಮೇಲೆ, ಬಟ್ಟೆಯ ಮೂಟೆಗೆ ಬಳಸುವ ದುಂಡನೆಯ ಮರದ ತುಂಡನ್ನು ಅಡ್ಡವಿಟ್ಟು, ಅದಕ್ಕೆ ಹಗ್ಗ ಬಿಗಿದು ಮಾರ್ಕ್ ಆಂತ್ವಾನ್ ನೇಣು ಹಾಕಿಕೊಂಡಿದ್ದನು. ನಾವೇ ಇಳಿಸಿ ಮಲಗಿಸಿದೆವು ಎಂದರು.

ಮೊದಲು ಏಕೆ ಸುಳ್ಳು ಹೇಳಿದರು? ಅಂದಿನ ಫ್ರಾನ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡವನ ಶವದ ಮೇಲೆಯೇ ಮೊಕದ್ದಮೆ ನಡೆಯುತ್ತಿತ್ತು. ಅಪರಾಧ ಸಾಬೀತಾದರೆ ಶವವನ್ನು ಕುಪ್ಪಳಿಸುವ ಹಲಗೆಯ ಮೇಲೆ ಮುಖ ಕೆಳಗಾಗಿ ಮಲಗಿಸಿ ಬೀದಿಬೀದಿಗಳಲ್ಲಿ ಎಳೆದೊಯ್ದು, ಸಮಾಧಿಯಿಲ್ಲದೆ ಎಸೆಯುತ್ತಿದ್ದರು. ಮಗನನ್ನು ಕಳೆದುಕೊಂಡ ಆ ಕ್ಷಣದಲ್ಲಿ ತಂದೆಗೆ ಈ ದೃಶ್ಯ ಕಣ್ಣಮುಂದೆ ಬಂದಿತು. ಮನೆತನದ ಮಾನವನ್ನಾದರೂ ಉಳಿಸೋಣ, ಆತ್ಮಹತ್ಯೆಯೆಂಬ ಮಾತು ಹೊರಗೆ ಬಾರದಿರಲಿ ಎಂದು ಪಿಯೆರ್‌ಗೆ ಹೇಳಿದರು. ಸತ್ತ ಮಗನ ಮಾನ ಕಾಯಲು ಹೇಳಿದ ಸುಳ್ಳು ಬದುಕಿದ್ದ ತಂದೆಯ ಕೊರಳಿಗೆ ಉರುಳಾಯಿತು.

ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಈ ಸುಳ್ಳು ಅಪರಿಚಿತವಲ್ಲ. ಇಂಥ ಸಾವು ನಡೆದ ಮನೆಯವರು ಇಂದಿಗೂ 'ಎದೆನೋವು ಬಂತು', 'ಕಾಲು ಜಾರಿ ಬಾವಿಗೆ ಬಿದ್ದ' ಎಂದು ಹೇಳುವುದುಂಟು. ಅದು ಕೊಲೆಗಾರರ ಸುಳ್ಳಲ್ಲ, ನಾಚಿಕೆ ಮತ್ತು ಭಯದ ಸುಳ್ಳು. ಸುಳ್ಳು ಹೇಳಿದವನೆಲ್ಲ ಕೊಲೆ ಮಾಡಿದವನಲ್ಲ. ಸುಳ್ಳಿಗೆ ಬೇರೊಂದು ಸಹಜ ಕಾರಣವಿದ್ದರೆ ಅದರಿಂದ ಕೊಲೆಯನ್ನು ಊಹಿಸಲಾಗದು.

ಪ್ರಸಂಗಪೀಠದಿಂದ ಓದಿದ ಪ್ರಕಟಣೆ

ಸಾಕ್ಷಿಗಳು ಸಾಲದೆ ಹೋದಾಗ ಅಧಿಕಾರಿಗಳು ಧರ್ಮಸಭೆಯ ನೆರವು ಕೇಳಿದರು. ಅಪರಾಧದ ಬಗ್ಗೆ ತಿಳಿದವರು ಮುಂದೆ ಬಂದು ಹೇಳಬೇಕು, ಇಲ್ಲವಾದರೆ ಬಹಿಷ್ಕಾರಕ್ಕೆ ಗುರಿಯಾಗಬೇಕು ಎಂದು ಎಚ್ಚರಿಸುವ ಪ್ರಕಟಣೆಯನ್ನು ದೇವಾಲಯಗಳಲ್ಲಿ ಓದಿಸುವ ಪದ್ಧತಿ ಅಂದು ಇತ್ತು. ಅದರಂತೆ 1761ರ ಅಕ್ಟೋಬರ್ 18ರಿಂದ ಭಾನುವಾರಗಳಂದು ತುಲೂಸಿನ ದೇವಾಲಯಗಳಲ್ಲಿ ಅದನ್ನು ಓದಲಾಯಿತು. ಅದನ್ನು ಬರೆದವನು ಸರ್ಕಾರಿ ಅಭಿಯೋಜಕ. ಓದಿದವರು ನಮ್ಮಂಥ ಗುರುಗಳು.

ಆ ಪ್ರಕಟಣೆಯ ವಾಕ್ಯರಚನೆಯಲ್ಲೇ ದೋಷವಿತ್ತು. ಮಾರ್ಕ್ ಆಂತ್ವಾನ್ ಹೇಗೆ ಸತ್ತನೆಂದು ಬಲ್ಲವರು ಹೇಳಿರಿ ಎಂದು ಅದು ಕೇಳಲಿಲ್ಲ. ಅವನು ಕಥೋಲಿಕನಾಗಲಿದ್ದನೆಂದು, ಅದಕ್ಕಾಗಿ ಮನೆಯಲ್ಲಿ ಹಿಂಸೆ ಪಡುತ್ತಿದ್ದನೆಂದು, 13ರಂದು ಒಂದು ಮನೆಯಲ್ಲಿ ಸಭೆ ಸೇರಿ ಅವನ ಸಾವನ್ನು ನಿರ್ಧರಿಸಲಾಯಿತೆಂದು, ಆ ರಾತ್ರಿಯೇ ಅದನ್ನು ನೆರವೇರಿಸಲಾಯಿತೆಂದು ಕಂಡು ಅಥವಾ ಕೇಳಿ ಬಲ್ಲವರು ಬಂದು ಹೇಳಬೇಕೆಂದು ಅಪ್ಪಣೆ ಮಾಡಿತು. ಆತ್ಮಹತ್ಯೆಯ ಸಾಧ್ಯತೆಯ ಬಗ್ಗೆ ಬಲ್ಲವರಿಗೆ ಅದರಲ್ಲಿ ಕರೆಯೇ ಇರಲಿಲ್ಲ. ಆರೋಪಿಗಳ ಪರವಾಗಿ ಹೇಳಬಲ್ಲವರನ್ನು ಕೇಳಲೇ ಇಲ್ಲ. 'ಕೇಳಿ ಬಲ್ಲವರು' ಎಂಬ ಮಾತಂತೂ ಇಡೀ ನಗರದ ವದಂತಿಗೆ ಬಾಗಿಲು ತೆರೆಯಿತು. ಜನರು ಬಂದರು. ಒಬ್ಬರು ಮತ್ತೊಬ್ಬರಿಂದ ಕೇಳಿದ್ದನ್ನು, ಆ ಮತ್ತೊಬ್ಬರು ಮಗದೊಬ್ಬರಿಂದ ಕೇಳಿದ್ದನ್ನು ಹೇಳಿದರು. ಪ್ರಶ್ನೆಯಲ್ಲೇ ಉತ್ತರವನ್ನಿಟ್ಟು ಕೇಳಿದರೆ ಜನ ಅದೇ ಉತ್ತರವನ್ನು ಹಿಂತಿರುಗಿಸುತ್ತಾರೆ. ದಾನಿಯೇಲನು ಕೇಳಿದ ಪ್ರಶ್ನೆ ಇಂಥದಲ್ಲ.

ವಿಚಾರಣೆ ನಡೆಯುತ್ತಿರುವಾಗಲೇ, ನವೆಂಬರ್ 8ರಂದು, ಮಾರ್ಕ್ ಆಂತ್ವಾನನ ಶವವನ್ನು ಸಂತ ಸ್ತೇಫನರ ಪ್ರಧಾನಾಲಯದಲ್ಲಿ ಕಥೋಲಿಕ ವಿಧಿಯಂತೆ ವೈಭವದಿಂದ ಸಮಾಧಿ ಮಾಡಲಾಯಿತು. ಅವನು ಕಥೋಲಿಕನಾಗಿದ್ದನೋ ಇಲ್ಲವೋ ಎಂಬುದೇ ಇನ್ನೂ ನಿರ್ಧಾರವಾಗಿರಲಿಲ್ಲ. ಶ್ವೇತವಸ್ತ್ರಧಾರಿ ಭಕ್ತಸಂಘವೊಂದು ಬಳಿಕ ತನ್ನ ದೇವಾಲಯದಲ್ಲಿ ಅವನಿಗಾಗಿ ಪೂಜೆ ನಡೆಸಿ, ಅಲ್ಲಿ ಒಂದು ಅಸ್ಥಿಪಂಜರವನ್ನು ನಿಲ್ಲಿಸಿ, ಅದರ ಒಂದು ಕೈಗೆ ರಕ್ತಸಾಕ್ಷಿಯ ಗರಿಯನ್ನೂ ಇನ್ನೊಂದು ಕೈಗೆ ಹಳೆಯ ಮತವನ್ನು ತ್ಯಜಿಸಿದ ಬರಹವನ್ನೂ ಇರಿಸಿತು. ಮಗನು ರಕ್ತಸಾಕ್ಷಿಯೆಂದು ದೇವಾಲಯದಲ್ಲೇ ಸಾರಿದ ಮೇಲೆ ತಂದೆ ಕೊಲೆಗಾರನಲ್ಲವೆಂದು ತೀರ್ಪು ಹೇಳುವ ಧೈರ್ಯ ಎಷ್ಟು ನ್ಯಾಯಾಧೀಶರಿಗೆ ಇದ್ದೀತು?

ಸಾಕ್ಷ್ಯಗಳ ತೂಕ

ಈಗ ಆರೋಪಕ್ಕೆ ಇದ್ದ ಆಧಾರಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಉದ್ದೇಶ. ಮಗನು ಕಥೋಲಿಕನಾಗಲಿದ್ದನು ಎಂಬುದೇ ಕೊಲೆಗೆ ಕಾರಣವೆಂದು ಹೇಳಲಾಯಿತು. ಹಾಗಿದ್ದರೆ ಅವನಿಗೆ ಉಪದೇಶ ನೀಡಿದ ಗುರು ಯಾರು? ಬಹಿಷ್ಕಾರದ ಎಚ್ಚರಿಕೆಯನ್ನು ಎಲ್ಲೆಡೆ ಓದಿದರೂ, ಅವನನ್ನು ನಾನು ಧರ್ಮಸಭೆಗೆ ಸೇರಿಸಿಕೊಳ್ಳಲು ಸಿದ್ಧಪಡಿಸುತ್ತಿದ್ದೆ ಎಂದು ಹೇಳುವ ಒಬ್ಬ ಗುರುವೂ ಮುಂದೆ ಬರಲಿಲ್ಲ. ಇನ್ನೊಬ್ಬ ಮಗ ಲೂಯಿ ಮತಾಂತರಗೊಂಡು ವರ್ಷಗಳೇ ಆಗಿದ್ದವು. ಅವನು ಅದೇ ನಗರದಲ್ಲಿ ಜೀವಂತವಾಗಿದ್ದನು. ಅವನನ್ನು ಕಥೋಲಿಕನಾಗಲು ಪ್ರೇರೇಪಿಸಿದ ಸೇವಕಿ ಅದೇ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮತ ಬಿಟ್ಟ ಮಕ್ಕಳನ್ನು ಕೊಲ್ಲಬೇಕೆಂದು ಪ್ರೊಟೆಸ್ಟೆಂಟರ ಬೋಧನೆಯಿದೆ ಎಂಬ ವದಂತಿಯನ್ನು ಜಿನೀವಾದ ಪ್ರೊಟೆಸ್ಟೆಂಟ್ ಧರ್ಮಮಂಡಳಿ ಅಧಿಕೃತವಾಗಿ ನಿರಾಕರಿಸಿತು.

ಎರಡನೆಯದು ಬೀದಿಯವರಿಗೆ ಕೇಳಿಸಿದ ಚೀತ್ಕಾರ. ಚೀತ್ಕಾರ ಕೇಳಿಸಿದ್ದು ನಿಜ. ಆದರೆ ಬಹುಪಾಲು ಸಾಕ್ಷಿಗಳು ಹೇಳಿದ ಸಮಯ ಒಂಬತ್ತೂವರೆಯ ಆಸುಪಾಸು, ಅಂದರೆ ಪಿಯೆರ್ ಮತ್ತು ಲವೈಸ್ ಶವವನ್ನು ಕಂಡು ಕೂಗಿಕೊಂಡ ಸಮಯ.

ಮೂರನೆಯದು ಶವ. ಪರೀಕ್ಷಿಸಿದ ವೈದ್ಯರು, ಜೀವಂತವಿರುವಾಗಲೇ ನೇಣಿನಿಂದ ಸತ್ತಿದ್ದಾನೆ. ತಾನೇ ಹಾಕಿಕೊಂಡಿರಬಹುದು, ಇಲ್ಲವೇ ಬೇರೆಯವರು ಹಾಕಿರಬಹುದು ಎಂದು ಬರೆದರು. ಅಂದರೆ ವೈದ್ಯರ ವರದಿಯು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿತು. ಕತ್ತಿನ ಗುರುತಿನ ಹೊರತು ಮೈಮೇಲೆ ಹೊಡೆದಾಟದ ಗಾಯಗಳಿರಲಿಲ್ಲ. ಅವನ ಮೇಲಂಗಿಯನ್ನು ಅಂದವಾಗಿ ಮಡಿಸಿ ಅಂಗಡಿಯ ಮೇಜಿನ ಮೇಲೆ ಇಡಲಾಗಿತ್ತು. 63 ವರ್ಷದ ವೃದ್ಧನೊಬ್ಬ 28 ವರ್ಷದ ದೃಢಕಾಯ ಯುವಕನನ್ನು, ಒಂದು ಗೀರೂ ಬೀಳದಂತೆ, ಒಬ್ಬನೇ ನೇಣಿಗೆ ಹಾಕಲು ಸಾಧ್ಯವೇ?

ನಾಲ್ಕನೆಯದು ಬಾಗಿಲ ಮೇಲಿನ ದುಂಡು ಮರ. ಅದು ಉರುಳಿಬಿಡುತ್ತದೆ, ಅಲ್ಲಿ ನೇಣು ಹಾಕಿಕೊಳ್ಳಲಾಗದು ಎಂದು ಅಭಿಯೋಜಕರು ವಾದಿಸಿದರು. ಇದು ಪರಿಗಣಿಸಬೇಕಾದ ವಾದವೇ. ಹೊರಗಿನವರು ಯಾರೋ ಕೊಂದಿರಬಹುದೆಂಬ ಊಹೆಯನ್ನು ಮುಂದಿಟ್ಟ ಇತಿಹಾಸಕಾರರೂ ಇದ್ದಾರೆ. ಮಾರ್ಕ್ ಆಂತ್ವಾನನ ಸಾವು ಹೇಗಾಯಿತೆಂಬುದು ಇಂದು ಯಾರೂ ಆಣೆಯಿಟ್ಟು ಹೇಳಬಲ್ಲ ವಿಷಯವಲ್ಲ. ಆದರೆ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಅದಾಗಿರಲಿಲ್ಲ. ಝಾನ್ ಕಲಾಸರೇ ಕೊಂದರೆಂದು ಸಾಬೀತಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಕಂಡ ಸಾಕ್ಷಿ ಒಬ್ಬರೂ ಇರಲಿಲ್ಲ, ತಪ್ಪೊಪ್ಪಿಗೆ ಇರಲಿಲ್ಲ. ಇಡೀ ಸಂಜೆ ಎಲ್ಲರೂ ಒಟ್ಟಿಗಿದ್ದೆವೆಂದು ಮನೆಯಲ್ಲಿದ್ದ ಐವರೂ ಕೊನೆಯವರೆಗೆ ಹೇಳಿದರು. ಅವರಲ್ಲೊಬ್ಬಳು ಪಾಪನಿವೇದನೆ, ಪರಮಪ್ರಸಾದಗಳನ್ನು ತಪ್ಪಿಸದ ಕಥೋಲಿಕ ಹೆಂಗಸು. ಕಥೋಲಿಕನಾಗುತ್ತಿದ್ದಾನೆಂಬ ಕಾರಣಕ್ಕೆ ಒಬ್ಬನನ್ನು ಕೊಂದವರನ್ನು ಆಕೆ ಏಕೆ ರಕ್ಷಿಸಬೇಕಿತ್ತು?

ಇವೆಲ್ಲ ಸೇರಿದರೂ ಅನುಮಾನವೇ ಹೊರತು ಸಾಕ್ಷ್ಯವಲ್ಲ. ಆದರೆ ಅಂದಿನ ಕಾನೂನಿನಲ್ಲಿ ಸಾಕ್ಷ್ಯವನ್ನು ಲೆಕ್ಕದಂತೆ ಕೂಡಿಸುವ ಪದ್ಧತಿಯಿತ್ತು. ಕಂಡ ಇಬ್ಬರ ಸಾಕ್ಷ್ಯ ಪೂರ್ಣ, ಉಳಿದವು ಅರ್ಧ. ತುಲೂಸಿನಲ್ಲಿ ಕಾಲು ಸಾಕ್ಷ್ಯ, ಅರೆಕಾಲು ಸಾಕ್ಷ್ಯಗಳನ್ನೂ ಎಣಿಸುತ್ತಿದ್ದರೆಂದು, ಹೀಗಾಗಿ ಎಂಟು ವದಂತಿಗಳು ಸೇರಿ ಒಂದು ಪೂರ್ಣ ಸಾಕ್ಷ್ಯವಾಗುತ್ತಿತ್ತೆಂದು ವೋಲ್ಟೇರ್ 1766ರಲ್ಲಿ ಕಟುವಾಗಿ ಬರೆದನು. ಎಂಟು ಸೊನ್ನೆಗಳನ್ನು ಕೂಡಿಸಿದರೂ ಬರುವುದು ಸೊನ್ನೆಯೇ. ಅದರಲ್ಲೂ ಆ ಎಂಟು ವದಂತಿಗಳು ಒಂದೇ ಕೂಗಿನ ಎಂಟು ಪ್ರತಿಧ್ವನಿಗಳಾಗಿದ್ದರೆ?

ತೀರ್ಪನ್ನು ಅಲ್ಲಗಳೆದ ತೀರ್ಪು

ಕಾಪಿತೂಲರು 1761ರ ನವೆಂಬರ್ 18ರಂದು ತಂದೆ, ತಾಯಿ, ಮಗನಿಗೆ ಚಿತ್ರಹಿಂಸೆ ವಿಧಿಸಿದರು. ಪ್ರಕರಣ ತುಲೂಸಿನ ಪಾರ್ಲಮೆಂಟಿಗೆ ಹೋಯಿತು. ಅಂದಿನ ಫ್ರಾನ್ಸಿನಲ್ಲಿ ಆ ಹೆಸರು ಶಾಸನಸಭೆಯದಲ್ಲ, ಪ್ರಾಂತದ ಉಚ್ಚ ನ್ಯಾಯಾಲಯದ್ದು. 13 ನ್ಯಾಯಾಧೀಶರಲ್ಲಿ ಮೊದಲು 7 ಮಂದಿ ಮಾತ್ರ ಮರಣದಂಡನೆಯ ಪರವಾಗಿದ್ದರು, ಅದು ಸಾಲದಾಯಿತು. ಮತ್ತೊಬ್ಬ ನ್ಯಾಯಾಧೀಶ ಅತ್ತ ವಾಲಿದ್ದರಿಂದ 8 ಮತಗಳಾಗಿ, 1762ರ ಮಾರ್ಚ್ 9ರಂದು ತೀರ್ಪು ಹೊರಬಿದ್ದಿತು. ಒಂದು ಮತದ ಬಲದಿಂದ ಒಬ್ಬ ಮನುಷ್ಯನ ಪ್ರಾಣ ಹೋಯಿತು.

ನ್ಯಾಯಾಲಯವು ಝಾನ್ ಕಲಾಸರೊಬ್ಬರಿಗೇ ಶಿಕ್ಷೆ ವಿಧಿಸಿ ಉಳಿದವರ ತೀರ್ಪನ್ನು ತಡೆಹಿಡಿಯಿತು. ಯಾತನೆಯಲ್ಲಿ ಆತನು ತಪ್ಪೊಪ್ಪಿಕೊಂಡು ಉಳಿದವರನ್ನೂ ಹೆಸರಿಸುತ್ತಾನೆಂಬ ನಿರೀಕ್ಷೆ ಅವರದು. ಮರುದಿನ ಎರಡು ಬಗೆಯ ಚಿತ್ರಹಿಂಸೆ ಕೊಟ್ಟರು. ಆಮೇಲೆ ಸಂತ ಜಾರ್ಜರ ಹೆಸರಿನ ಚೌಕದಲ್ಲಿ ಎಲುಬುಗಳನ್ನು ಮುರಿದು ಗಾಲಿಯ ಮೇಲೆ ಮಲಗಿಸಿದರು. ಎರಡು ತಾಸು ಹಾಗೆಯೇ ಇಟ್ಟು, ಕತ್ತು ಹಿಸುಕಿ, ಶವವನ್ನು ಸುಟ್ಟರು. ದೊಮಿನಿಕ್ ಸಭೆಯ ಇಬ್ಬರು ಗುರುಗಳು ಕೊನೆಯವರೆಗೂ ಅವರೊಂದಿಗಿದ್ದರು. ಕಲಾಸರು ತಾನು ನಿರಪರಾಧಿಯೆಂದಷ್ಟೇ ಹೇಳುತ್ತ, ತೀರ್ಪಿತ್ತವರನ್ನು ಶಪಿಸದೆ ಪ್ರಾಣ ಬಿಟ್ಟರು. ಅವರ ಆ ಸ್ಥೈರ್ಯವನ್ನು ಹೊರಜಗತ್ತಿಗೆ ಸಾಕ್ಷೀಕರಿಸಿದವರು ಆ ಕಥೋಲಿಕ ಗುರುಗಳೇ.

ಮುಂದೇನಾಯಿತು? ಮಾರ್ಚ್ 18ರಂದು ಅದೇ ನ್ಯಾಯಾಲಯವು ತಾಯಿಯನ್ನು, ಅತಿಥಿಯನ್ನು, ಸೇವಕಿಯನ್ನು ಬಿಟ್ಟುಬಿಟ್ಟಿತು. ಪಿಯೆರ್‌ಗೆ ಗಡಿಪಾರು ಮಾತ್ರ. ಪ್ರಕರಣದ ಮರ್ಮ ಇಲ್ಲಿದೆ. ಆ ಸಂಜೆ ಐವರೂ ಒಟ್ಟಿಗಿದ್ದರು. ಕೊಂದಿದ್ದರೆ ಐವರೂ ಅಪರಾಧಿಗಳು. ಇಲ್ಲವಾದರೆ ಒಬ್ಬರೂ ಅಲ್ಲ. ಇತರರು ನಿರಪರಾಧಿಗಳಾದರೆ ಅವರ ಹೇಳಿಕೆ ಸತ್ಯ. ಅವರ ಹೇಳಿಕೆ ಸತ್ಯವಾದರೆ ಝಾನ್ ಕಲಾಸರು ಮೇಲಿನ ಕೋಣೆಯನ್ನು ಬಿಟ್ಟು ಹೋಗಿರಲಿಲ್ಲ. ನ್ಯಾಯಾಲಯದ ಎರಡನೆಯ ತೀರ್ಪೇ ಮೊದಲನೆಯದನ್ನು ಅಲ್ಲಗಳೆಯಿತು. ಆದರೆ ಆ ಹೊತ್ತಿಗೆ ಉಳಿದಿದ್ದು ಬೂದಿ.

ಸತ್ಯದ ಪರ ನಿಂತವರು

ಫೆರ್ನೆಯಲ್ಲಿದ್ದ ವೋಲ್ಟೇರನಿಗೆ ಸುದ್ದಿ ತಲುಪಿದಾಗ ಆತನಿಗೂ ಮೊದಲು ನಿಶ್ಚಯವಿರಲಿಲ್ಲ. ತಂದೆ ಅಪರಾಧಿಯೂ ಆಗಿರಬಹುದೆಂದು ಯೋಚಿಸಿ, ವಿಚಾರಿಸಿ, ಕುಟುಂಬದವರನ್ನು ಮಾತಾಡಿಸಿ ಕೊನೆಗೆ ನಿರಪರಾಧವನ್ನು ಮನಗಂಡನು. 1763ರಲ್ಲಿ ಸಹಿಷ್ಣುತೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಈತ ನಮ್ಮ ಧರ್ಮಸಭೆಯ ಮಿತ್ರನಲ್ಲ. ಅದನ್ನು ಅಣಕಿಸಿ ಬರೆದದ್ದು ಬಹಳವಿದೆ. ಆದರೂ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ದಾಟಿಹೋದಾಗ ನಿಂತವನು ಸಮಾರ್ಯದವನು ಎಂದು ಪ್ರಭುವೇ ನಮಗೆ ಕಲಿಸಿದ್ದಾರೆ.

ಆದರೆ ವೋಲ್ಟೇರನೊಬ್ಬನೇ ನಿಲ್ಲಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಕನ್ಯಾಮಠಗಳಿಗೆ ಕಳುಹಿಸಲಾಗಿತ್ತು. ಅವರಲ್ಲಿ ಕಿರಿಯಳಾದ ಆನ್, ತುಲೂಸಿನ ವಿಸಿಟೇಷನ್ ಮಠದ ಸಿಸ್ಟರ್ ಆನ್ ಝೂಲಿ ಫ್ರೆಸ್ ಅವರ ಆರೈಕೆಗೆ ಬಂದಳು. ಈ ವೃದ್ಧ ಕನ್ಯಾಸ್ತ್ರೀ ಆ ಹುಡುಗಿಯನ್ನು ಹತ್ತಿರದಿಂದ ಕಂಡು, ಕುಟುಂಬದ ನಿರಪರಾಧವನ್ನು ನಂಬಿ, ಪ್ಯಾರಿಸ್ಸಿನ ಉನ್ನತ ಅಧಿಕಾರದಲ್ಲಿದ್ದ ತಮ್ಮ ಬಂಧುವಿಗೆ ಅವರ ಪರವಾಗಿ ಪತ್ರ ಬರೆದರು. ಹುಡುಗಿ ಪ್ರೊಟೆಸ್ಟೆಂಟಳಾಗಿಯೇ ಉಳಿದಳು. ಸಿಸ್ಟರ್ ಅವರ ವಾತ್ಸಲ್ಯವೂ ಹಾಗೆಯೇ ಉಳಿಯಿತು. ಮಠ ಬಿಟ್ಟ ಮೇಲೂ ವರ್ಷಗಳ ಕಾಲ ಅವಳಿಗೆ ಪತ್ರ ಬರೆಯುತ್ತಿದ್ದರು. ಇಡೀ ನಗರ ಒಂದು ದಿಕ್ಕಿನಲ್ಲಿ ಹೋಗುತ್ತಿದ್ದಾಗ ಎದುರಿಗಿದ್ದ ಮನುಷ್ಯಜೀವಿಯನ್ನು ಕಣ್ಣಿಟ್ಟು ನೋಡಿದ ಆ ಸಹೋದರಿಯನ್ನು ನಾವು ಮರೆಯಬಾರದು.

ವಿಧವೆ ಆನ್ ರೋಜ್ ಪ್ಯಾರಿಸ್ಸಿಗೆ ಹೋಗಿ ನ್ಯಾಯ ಬೇಡಿದರು. 1764ರ ಜೂನ್ 4ರಂದು ರಾಜನ ಪರಿಷತ್ತು ತುಲೂಸಿನ ತೀರ್ಪನ್ನು ರದ್ದುಪಡಿಸಿತು. ಹೊಸ ವಿಚಾರಣೆಯಲ್ಲಿ 1765ರ ಮಾರ್ಚ್ 9ರಂದು, ಮೊದಲ ತೀರ್ಪಿಗೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 40 ನ್ಯಾಯಾಧೀಶರು ಒಮ್ಮತದಿಂದ ಝಾನ್ ಕಲಾಸರನ್ನೂ ಕುಟುಂಬವನ್ನೂ ನಿರ್ದೋಷಿಗಳೆಂದು ಸಾರಿದರು. ಆ ನ್ಯಾಯಾಧೀಶರೂ ಕಥೋಲಿಕರೇ. ಹದಿನೈದನೇ ಲೂಯಿ ದೊರೆ ಕುಟುಂಬಕ್ಕೆ 36,000 ಲಿವ್ರ್ ಹಣ ಕೊಡಿಸಿದನು. ಬೋದ್ರಿಗ್ ಅಧಿಕಾರ ಕಳೆದುಕೊಂಡನು. 1787ರಲ್ಲಿ ಫ್ರಾನ್ಸಿನ ಪ್ರೊಟೆಸ್ಟೆಂಟರಿಗೆ ನಾಗರಿಕ ಮಾನ್ಯತೆ ದೊರೆಯಿತು.

ನಮ್ಮ ನಾಡಿನ ನ್ಯಾಯಪೀಠದ ಮಾತು

ಆತ್ಮಹತ್ಯೆಯೋ ಕೊಲೆಯೋ ಎಂಬ ಇಂಥದೇ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ 1984ರಲ್ಲಿ ಬಂದಿತ್ತು. ಮಹಾರಾಷ್ಟ್ರದ ಯುವ ವಿವಾಹಿತೆಯೊಬ್ಬಳು ವಿಷದಿಂದ ಸತ್ತಿದ್ದಳು. ಪತಿಗೆ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತ್ತು, ಉಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಆತನನ್ನು ಬಿಡುಗಡೆ ಮಾಡಿ, ಕಂಡ ಸಾಕ್ಷಿಯಿಲ್ಲದ ಪ್ರಕರಣಗಳಿಗೆ ಐದು ಸೂತ್ರಗಳನ್ನು ನೀಡಿತು. ಅವುಗಳ ಸಾರ ಇಷ್ಟು: ಆಧಾರವಾಗುವ ಪ್ರತಿಯೊಂದು ಸಂಗತಿ ಪೂರ್ಣವಾಗಿ ಸಾಬೀತಾಗಿರಬೇಕು; ಎಲ್ಲ ಸಂಗತಿಗಳೂ ಆರೋಪಿಯ ಅಪರಾಧವನ್ನೇ ತೋರಿಸಬೇಕು; ಬೇರೆ ಯಾವ ಸಮಂಜಸ ವಿವರಣೆಗೂ ಅವಕಾಶ ಉಳಿದಿರಬಾರದು; ಸರಪಳಿಯ ಒಂದು ಕೊಂಡಿಯೂ ತಪ್ಪಿರಬಾರದು. 'ಮಾಡಿರಬಹುದು' ಎಂಬುದಕ್ಕೂ 'ಮಾಡಿಯೇ ಇದ್ದಾನೆ' ಎಂಬುದಕ್ಕೂ ಇರುವ ದೂರವನ್ನು ಅನುಮಾನದಿಂದ ದಾಟಲಾಗದು. ಈ ಅಳತೆಗೋಲಿನಲ್ಲಿ ತುಲೂಸಿನ ತೀರ್ಪು ಒಂದು ಗಳಿಗೆಯೂ ನಿಲ್ಲಲಾರದು.

ನಮಗಿರುವ ಪಾಠ

ತುಲೂಸಿನ ಜನ ರಾಕ್ಷಸರಾಗಿರಲಿಲ್ಲ. ಅಮೆರಿಕದ ಇತಿಹಾಸಕಾರ ಡೇವಿಡ್ ಬಿಯೆನ್ 1960ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಬೇರೆ ಸಮಯದಲ್ಲಿ ಅದು ತಕ್ಕಮಟ್ಟಿಗೆ ಸಹನೆಯಿದ್ದ ನಗರವೇ. ಭಯ ಕವಿದ ಗಳಿಗೆಯಲ್ಲಿ ಹಳೆಯ ದ್ವೇಷ ಮರುಕಳಿಸಿತು. ನ್ಯಾಯಾಧೀಶರಲ್ಲಿ ಹಲವರು ಪ್ರಾಮಾಣಿಕವಾಗಿಯೇ ನಂಬಿದ್ದರು. ನಮ್ಮನ್ನು ಎಚ್ಚರಿಸಬೇಕಾದದ್ದು ಇದೇ. ಬಲಿಪೂಜೆಗೆ ಹೋಗುವವರು, ಮಕ್ಕಳನ್ನು ಪ್ರೀತಿಸುವವರು, ನೆರೆಯವರಿಗೆ ಸಾಲ ಕೊಡುವವರು ಸೇರಿ ಈ ಅನ್ಯಾಯವನ್ನು ಮಾಡಿದರು. ಆರೋಪಿಯ ಪಂಗಡವನ್ನೇ ಸಾಕ್ಷ್ಯವೆಂದು ಎಣಿಸಿದ್ದು ಅವರ ಮೊದಲ ತಪ್ಪು. ಕೇಳಿದ್ದನ್ನು ಕಂಡದ್ದೆಂದು ಹೇಳಿದ್ದು ಎರಡನೆಯದು.

ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೇ ಕಟ್ಟಳೆಯನ್ನು ವಿವರಿಸುತ್ತ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಸಾಕಷ್ಟು ಆಧಾರವಿಲ್ಲದೆ ನೆರೆಯವನ ನೈತಿಕ ದೋಷವನ್ನು ಮನಸ್ಸಿನಲ್ಲೇ ನಿಜವೆಂದು ಒಪ್ಪಿಕೊಳ್ಳುವುದೂ ಪಾಪವೆಂದು ಬೋಧಿಸುತ್ತದೆ. ಬಾಯಿಬಿಟ್ಟು ಹೇಳಬೇಕಿಲ್ಲ, ಒಳಗೊಳಗೇ ತೀರ್ಪು ಕೊಟ್ಟರೂ ತಪ್ಪು. ಆತ್ಮಹತ್ಯೆಯಿಂದ ಸತ್ತವರ ವಿಷಯದಲ್ಲೂ, ತೀವ್ರ ಮನೋವೇದನೆಯು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದು, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಧರ್ಮಸಭೆ ಹೇಳುತ್ತದೆ, ಅವರಿಗಾಗಿ ಪ್ರಾರ್ಥಿಸುತ್ತದೆ. 1983ರ ಧರ್ಮಸಭಾ ಕಾನೂನು ಅಂಥವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸುವ ಹಳೆಯ ನಿಯಮವನ್ನು ಕೈಬಿಟ್ಟಿದೆ. ಈ ಕರುಣೆ 1761ರಲ್ಲಿ ಇದ್ದಿದ್ದರೆ ಆ ತಂದೆ ಮೊದಲ ರಾತ್ರಿಯೇ ಸತ್ಯ ಹೇಳುತ್ತಿದ್ದರೋ ಏನೋ. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪೌಲರು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಅಸಹಿಷ್ಣುತೆಯ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. 2018ರಲ್ಲಿ ಪೋಪ್ ಫ್ರಾನ್ಸಿಸರು ಮರಣದಂಡನೆಯು ಒಪ್ಪಲಾಗದ್ದೆಂದು ಧರ್ಮೋಪದೇಶ ಗ್ರಂಥದಲ್ಲಿ ಸೇರಿಸಿದರು. ತಪ್ಪು ತೀರ್ಪನ್ನು ರದ್ದುಪಡಿಸಬಹುದು. ತೆಗೆದ ಪ್ರಾಣವನ್ನು ಮರಳಿ ಕೊಡಲಾಗದು.

ನಾವು ನ್ಯಾಯಾಧೀಶರಲ್ಲ ನಿಜ. ಆದರೆ ನಮ್ಮ ಬೀದಿಯಲ್ಲಿ, ವಾರ್ಡಿನ ಕೂಟದಲ್ಲಿ, ದೇವಾಲಯದ ಅಂಗಳದಲ್ಲಿ, ಈಗ ಕೈಯಲ್ಲಿರುವ ಮೊಬೈಲಿನಲ್ಲಿ ದಿನವೂ ಯಾರದೋ ವಿಚಾರಣೆ ನಡೆಯುತ್ತಿರುತ್ತದೆ. ಒಂದು ಮನೆಯಲ್ಲಿ ಅನಿರೀಕ್ಷಿತ ಸಾವಾದರೆ ಮೂರನೆಯ ದಿನದೊಳಗೆ ಊರು ತೀರ್ಪು ಕೊಟ್ಟಿರುತ್ತದೆ. ಅಂಥ ಹೊತ್ತಿನಲ್ಲಿ ಪ್ರತಿಯೊಂದು ಕುಟುಂಬವೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದನ್ನು ನಾನು ಕಂಡೆನೇ, ಕೇಳಿದೆನೇ? ಆರೋಪಿ ನಮ್ಮವನೇ ಆಗಿದ್ದರೆ ಇಷ್ಟೇ ಆಧಾರದ ಮೇಲೆ ನಂಬುತ್ತಿದ್ದೆನೇ? ಮಕ್ಕಳ ಎದುರಿಗೆ ಈ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿಕೊಂಡರೆ ಅದೇ ಅವರಿಗೆ ಎಂಟನೇ ಕಟ್ಟಳೆಯ ಉಪದೇಶ. ಶುಕ್ರವಾರದಂದು ಜನಸಮೂಹದ ಕೂಗಿಗೆ ಮಣಿದು ಪಿಲಾತನು ಯಾರನ್ನು ಒಪ್ಪಿಸಿಕೊಟ್ಟನೆಂಬುದನ್ನು ಬಲ್ಲ ನಾವು, ಗುಂಪಿನ ಕೂಗನ್ನು ಸಾಕ್ಷ್ಯವೆಂದು ಸ್ವೀಕರಿಸುವವರಲ್ಲಿ ಕೊನೆಯವರಾಗಿರಬೇಕು.